ಓನರ್ ಅಂಕಲ್ ಬಲಗಾಲು

ಎಡಗಾಲಿಗೆ ನೀಲಿ ಹವಾಯಿ ಚಪ್ಪಲಿ, ಬಲಗಾಲಿಗೆ ಹಿಮ್ಮಡಿಗೆ ಪಟ್ಟಿ ಬಿಗಿಯುವ ಕಂದು ಸ್ಯಾಂಡಲ್. ವಿಶಾಖಪಟ್ಟಣದ ಮಧುರವಾಡ ಬಡಾವಣೆಯ ನಮ್ಮ ಓನರ್ ಅಂಕಲ್ ಹೀಗೆಯೇ ಬೀದಿಗಿಳಿಯುತ್ತಿದ್ದರು. ಕಾರಣ ಕೇಳಿದವರಿಗೆ "ಇದರ ಜೋಡೀನ ನಾಯಿ ಹೊತ್ಕೊಂಡು ಹೋಯ್ತು" ಎಂಬ ಉತ್ತರ ಸಿದ್ಧವಿರುತ್ತಿತ್ತು. ನಾನು ಅವರ ಮಹಡಿಗೆ ಬಾಡಿಗೆಗೆ ಬಂದಾಗಿನಿಂದ ಅದೇ ನಾಯಿ, ಅದೇ ಕಥೆ.

ಬಳ್ಳಾರಿ ಕಡೆಯವರು. ಹರೆಯದಲ್ಲೇ ವಿಶಾಖಪಟ್ಟಣಕ್ಕೆ ಬಂದು, ಕಾಲೇಜುಗಳ ಪ್ರಯೋಗಾಲಯಗಳಿಗೆ ಗಾಜಿನ ಸಾಮಾನು ಒದಗಿಸುವ ವ್ಯಾಪಾರ ಹಿಡಿದು ಅಲ್ಲೇ ಬೇರುಬಿಟ್ಟಿದ್ದರು. ಅಳತೆಯ ಗೆರೆ ಸೊಟ್ಟಗೆ ಮೂಡಿದ ಬೀಕರುಗಳನ್ನು ಯಾರೂ ಕೊಳ್ಳುವುದಿಲ್ಲವಾದ್ದರಿಂದ ಅವರ ಮನೆಯಲ್ಲಿ ಮಜ್ಜಿಗೆಗೂ ಬೀಕರು, ಸಾರಿಗೂ ಬೀಕರು. ಔಷಧ ಕಂಪನಿಯ ಲ್ಯಾಬಿನಲ್ಲಿ ದಿನವಿಡೀ ಅವುಗಳ ಜೊತೆಯೇ ಏಗಿ ಬರುವ ನನಗೆ ಅದು ಶಿಕ್ಷೆಯೇ. ಯಾವ ಲೋಟ ಕೈಗೆ ಬಂದರೂ ಮೊದಲು ಉಗುರಿನಿಂದ ಟಿಣ್ ಎನಿಸಿ ಕಿವಿಗೊಡುವುದು ಅವರ ಅಭ್ಯಾಸ. ಸ್ಟೀಲ್ ಲೋಟವನ್ನೂ ಬಿಡುತ್ತಿರಲಿಲ್ಲ. "ಗಾಜು ಒಡೆಯೋಕ್ ಮುಂಚೆನೇ ಹೇಳ್ತೈತೆ ಅಮ್ಮಾಯಿ, ಕೇಳೋ ಕಿವಿ ಬೇಕು" ಎನ್ನುತ್ತಿದ್ದರು.

ನಾನು ಹುಟ್ಟು ಪುಕ್ಕಲಿ. ಗ್ಯಾಸ್ ಆರಿಸಿದ್ದೇನೆಯೇ ಎಂದು ಮೂರು ಸಲ ಮಹಡಿ ಹತ್ತುವವಳು. ಅಂಕಲ್ ನನ್ನನ್ನು "ಇನ್‌ಸ್ಪೆಕ್ಟರಮ್ಮ" ಎಂದು ರೇಗಿಸುತ್ತಿದ್ದರು. ಬ್ಯಾಂಕಿನಲ್ಲಿರುವ ನನ್ನ ಗಂಡನಿಗೆ ಆಗ ವಿಜಯವಾಡಕ್ಕೆ ವರ್ಗವಾಗಿತ್ತು. ಅಂಕಲ್ ತಿಂಗಳಿಗೆರಡು ಸಲ ಗಾಜಿನ ಸಾಮಾನು ತರಲು ತಮ್ಮ ಪಿಕಪ್‌ನಲ್ಲಿ ವಿಜಯವಾಡಕ್ಕೆ ಹೋಗುತ್ತಿದ್ದರು. ಹಾಗಾಗಿ ಶನಿವಾರ ಬೆಳಿಗ್ಗೆ ನಾನೂ ಅವರ ಜೊತೆ ಹೊರಡುವುದು ರೂಢಿಯಾಯಿತು. ಗಂಡನನ್ನು ತೆಲುಗಿನವರಂತೆ 'ಆಯನ' ಎನ್ನುವ ಆಂಟಿ, ಗೇಟಿನ ಬಳಿ ಹುಳಿಯನ್ನದ ಪುಳಿಹೋರದ ಡಬ್ಬಿ ಕೊಡುತ್ತಾ ಪ್ರತಿ ಸಲ ಹೇಳುತ್ತಿದ್ದರು: "ನೀನು ಪಕ್ಕದಲ್ಲಿದ್ರೆ ನನಗೆ ಧೈರ್ಯ. ಆಯನ್ನ ಸ್ವಲ್ಪ ನೋಡ್ಕೋಮ್ಮಾ."

ನೋಡಿಕೊಂಡಿದ್ದರಿಂದಲೇ ಕಣ್ಣಿಗೆ ಬಿತ್ತು. ಹೆದ್ದಾರಿಯಲ್ಲಿ ಓಡಿಸುವಾಗ ಅಂಕಲ್ ಆಗಾಗ ತಲೆ ಬಗ್ಗಿಸಿ ತಮ್ಮ ಬಲಗಾಲನ್ನು ನೋಡುತ್ತಿದ್ದರು. ಒಂದು ಕ್ಷಣ ಅಷ್ಟೇ. ನಲವತ್ತು ವರ್ಷ ಗಾಡಿ ಓಡಿಸಿದವರು ಪೆಡಲ್ ಎಲ್ಲಿದೆ ಎಂದು ಯಾಕೆ ನೋಡಬೇಕು? ಕೇಳಲು ಬಾಯಿ ಬರಲಿಲ್ಲ. ಒಂದು ಭಾನುವಾರ ಅವರ ಜಗಲಿಯಲ್ಲಿ ರಕ್ತದ ಹೆಜ್ಜೆಗಳು ಕಂಡವು. ಅಂಕಲ್ ಒರೆಸುವ ಬಟ್ಟೆ ಹಿಡಿದು, ಈ ರಕ್ತ ಎಲ್ಲಿಂದ ಬಂತೆಂದು ಹುಡುಕುತ್ತಾ ಇನ್ನಷ್ಟು ಹೆಜ್ಜೆ ಮೂಡಿಸುತ್ತಿದ್ದರು. ಅವರ ಬಲ ಅಂಗಾಲಿನಲ್ಲಿ ಒಡೆದ ಫ್ಲಾಸ್ಕಿನ ಚೂರೊಂದು ನಾಟಿತ್ತು. ನಾನು ತೋರಿಸಿದ ಮೇಲೆ ಕೂತು ಕಿತ್ತರು. ಮುಖದಲ್ಲಿ ನೋವಿನ ಸುಳಿವೇ ಇಲ್ಲ.

"ಸಕ್ಕರೆ ಕಾಯಿಲೆ. ಅಂಗಾಲು ಸ್ವಲ್ಪ ಮಂದ ಆಗೈತೆ, ಚಪ್ಪಲಿ ಕಳಚಿದ್ರೂ ಗೊತ್ತಾಗಲ್ಲ, ಅದಕ್ಕೇ ಪಟ್ಟಿ ಸ್ಯಾಂಡಲ್. ಅಷ್ಟೇ. ಆಂಟಿಗೆ ಹೇಳಬ್ಯಾಡ. ಹೇಳಿದ್ರೆ ನಾಳೆನೇ ಗಾಡಿ ಕೀ ಕಸ್ಕೋತಾಳೆ. ಗಾಡಿ ಇಲ್ಲಾಂದ್ರೆ ನಾನೇನು, ಮನೇಲಿ ಕೂತು ಲೋಟ ಬಡೀಲಾ?"

ಆಯಿತು ಎಂದೆ. ಅಂದಿನಿಂದ ಆ ಮಾತು ನನ್ನ ಗಂಟಲಿನಲ್ಲಿ ಬಿಸಿತುಪ್ಪವಾಯಿತು. ರೈಲಿಗೆ ಹೋಗುತ್ತೇನೆಂದರೆ ಆಂಟಿ ಯಾಕೆಂದು ಕೇಳುತ್ತಾರೆ. ಅಂಕಲ್ ಒಬ್ಬರನ್ನೇ ಕಳಿಸಿದರೆ ನಾನು ಮನೆಯಲ್ಲಿ ಕೂತು ಹೆದರಿ ಸಾಯಬೇಕು. ಜೊತೆಗೆ ಹೋದರೆ ದಾರಿಯುದ್ದಕ್ಕೂ ಅವರು ಕಾಲು ನೋಡುವುದು, ನಾನು ಅವರನ್ನು ನೋಡುವುದು. ಏಳು ಗಂಟೆಯ ದಾರಿಯಲ್ಲಿ ನನ್ನ ಬಲಗಾಲು ಇಲ್ಲದ ಬ್ರೇಕನ್ನು ತುಳಿದೂ ತುಳಿದೂ ಮೀನಖಂಡ ಹಿಡಿದುಕೊಳ್ಳುತ್ತಿತ್ತು.

ಅದಕ್ಕೊಂದು ಪರಿಹಾರವನ್ನು ಅಂಕಲ್ಲೇ ಹುಡುಕಿದರು. ಅಡಾಪ್ಟಿವ್ ಕ್ರೂಸ್ ಕಂಟ್ರೋಲ್ ಎನ್ನುವ ಏರ್ಪಾಡು. ವೇಗ ಇಷ್ಟೆಂದು ಗುಂಡಿ ಒತ್ತಿಬಿಟ್ಟರೆ ಗಾಡಿ ತಾನೇ ಓಡುತ್ತದೆ. ಮುಂದಿನ ವಾಹನ ನಿಧಾನವಾದರೆ ತಾನೇ ಬ್ರೇಕ್ ಹಿಡಿಯುತ್ತದೆ. ಅವರ ಪಿಕಪ್‌ಗೆ ಕಂಪನಿ ಅದನ್ನು ಕೊಟ್ಟಿರಲಿಲ್ಲ, ಅದೇ ಗಾಡಿಯ ದುಬಾರಿ ಮಾದರಿಗೆ ಮಾತ್ರ ಇತ್ತು. ವಿಜಯವಾಡದ ಒಬ್ಬ ಆಟೋ ಎಲೆಕ್ಟ್ರಿಷಿಯನ್, ಗುಜರಿಗೆ ಹೋದ ಅಂಥದೊಂದು ಗಾಡಿಯಿಂದ ರಾಡಾರ್, ಸ್ಟೇರಿಂಗ್ ಗುಂಡಿಗಳು, ವೈರು ಎಲ್ಲ ಬಿಚ್ಚಿ ತಂದಿದ್ದ. ಮೇ ತಿಂಗಳ ಒಂದು ಶನಿವಾರ ಬಂಪರ್ ಕಳಚಿ, ಲ್ಯಾಪ್‌ಟಾಪ್ ಚುಚ್ಚಿ ಕೂತವನು ಭಾನುವಾರ ಸಂಜೆಗೆ ಎದ್ದ. ಗಾಡಿಯ ಮೂತಿಯ ಜಾಲರಿಯ ನಡುವೆ ಅಂಗೈಯಗಲದ ಕರಿ ಫಲಕವೊಂದು ಕೂತಿತ್ತು.

"ಇದು ಕಣ್ಣು. ಇದರ ಮುಂದೆ ಏನೂ ಅಡ್ಡ ಬರಕೂಡದು. ಮತ್ತೆ ಸಾರ್, ಇದು ಕಾಲಿಗೆ ಸಹಾಯ, ಕಾಲಿಗೆ ಬದಲಲ್ಲ" ಎಂದು ಆತ ತೆಲುಗಿನಲ್ಲಿ ಎರಡೆರಡು ಸಲ ಹೇಳಿದ. ಅಂಕಲ್ ಮದುವಣಿಗನ ಹಾಗೆ ತಲೆಯಾಡಿಸಿದರು. ಮಂಡಿನೋವಿಗೆ ಒಳ್ಳೆಯದಂತೆ ಎಂದು ಆಂಟಿಗೆ ಫೋನಿನಲ್ಲಿ ಹೇಳಿದರು.

ಸೋಮವಾರ ಬೆಳಿಗ್ಗೆ ಫ್ಲಾಸ್ಕು, ಬೀಕರುಗಳ ಪೆಟ್ಟಿಗೆ ತುಂಬಿಕೊಂಡು ಹೊರಟೆವು. ಹೊಸ ಯಂತ್ರ, ಪೂಜೆಯಿಲ್ಲದೆ ಹೇಗೆ ಹೊರಡುವುದು? ಹಟ ನನ್ನದೇ. ಅಮ್ಮನವರ ಗುಡಿಯಿರುವ ಇಂದ್ರಕೀಲಾದ್ರಿ ಬೆಟ್ಟದ ಬುಡದಲ್ಲಿ ಗಾಡಿ ನಿಲ್ಲಿಸಿ, ಪೂಜಾರಿ ಟೈರಿಗೆ ನಿಂಬೆಹಣ್ಣು ಇಡುತ್ತಿದ್ದಾಗ ನಾನೇ ಅರಿಶಿನ ಕಲಸಿ ಆ ಕರಿ ಫಲಕಕ್ಕೆ ಬಳಿದೆ, ಮೂರು ಬೆರಳಲ್ಲಿ ಕುಂಕುಮ ಇಟ್ಟೆ. ಅದರ ಮೇಲ್ಗಡೆ ಜಾಲರಿಗೆ ಚೆಂಡುಹೂವಿನ ದಪ್ಪ ಹಾರ ಕಟ್ಟಿದೆ. ನಮ್ಮನ್ನು ಕಾಯಬೇಕಾದದ್ದು ಅದೇ ತಾನೆ? ಕಣ್ಣು ಮುಚ್ಚಿ ಅಮ್ಮನವರಿಗೆ ಕೈಮುಗಿದೆ. ಎಲೆಕ್ಟ್ರಿಷಿಯನ್ ಹೇಳಿದ್ದು ಕಲ್ಲು, ಕಬ್ಬಿಣದಂಥ ಅಡ್ಡಗಳ ಬಗ್ಗೆ ಎಂದೇ ನನ್ನ ತಿಳಿವಳಿಕೆ. ದೇವರ ಹೂವು ಅಡ್ಡ ಬರುತ್ತದೆಂದು ಯಾರಿಗೆ ಹೊಳೆಯುತ್ತದೆ?

ಏಲೂರು ದಾಟಿದ ಮೇಲೆ ಅಂಕಲ್ ಗುಂಡಿ ಒತ್ತಿದರು. ಮುಂದಿದ್ದ ಬಸ್ಸು ನಿಧಾನವಾದಾಗ ನಮ್ಮ ಗಾಡಿಯೂ ನಿಧಾನವಾಯಿತು, ಅದು ಸರಿದಾಗ ವೇಗ ಹಿಡಿಯಿತು. ಅಂಕಲ್ ಪೆಡಲಿನಿಂದ ಕಾಲು ತೆಗೆದು ಕೆಳಗಿಟ್ಟರು. ಅರ್ಧ ಗಂಟೆ ಅವರು ಒಮ್ಮೆಯೂ ಕಾಲು ನೋಡಲಿಲ್ಲ. ಎಷ್ಟೋ ತಿಂಗಳ ಮೇಲೆ ನಾನೂ ಬೆನ್ನು ಒರಗಿಸಿ ಕೂತೆ.

ಎಲ್ಲೋ ಒಂದು ಕಡೆ ಕುಂಯ್ ಎಂದು ಒಂದು ಸಣ್ಣ ಸದ್ದಾಯಿತು. ಮುಂದೆ ದೂರದಲ್ಲಿ ಹುಲ್ಲು ಹೇರಿದ ಟ್ರ್ಯಾಕ್ಟರ್ ಇತ್ತು. ನಮ್ಮ ಗಾಡಿ ಮೆಲ್ಲಗಾಗತೊಡಗಿತು. "ನೋಡು ಇನ್‌ಸ್ಪೆಕ್ಟರಮ್ಮ, ತಾನೇ ನೋಡ್ಕೊಂಡು ನಿಧಾನ ಮಾಡ್ತೈತೆ" ಎಂದರು. ಅದು ನೋಡುತ್ತಿರಲಿಲ್ಲ. ಹಾರದ ದಾರ ಗಾಳಿಗೆ ಒಂದು ಕಡೆ ಬಿಚ್ಚಿ, ಹೂವಿನ ಗೊಂಚಲು ನನ್ನ ಅರಿಶಿನದ ಮೇಲೆಯೇ ಬಂದು ಕೂತಿತ್ತು. ಕಣ್ಣು ಮುಚ್ಚಿಹೋದ ಯಂತ್ರ ಕುಂಯ್ ಎಂದು ಹೇಳಿಯೇ ಕೈಬಿಟ್ಟಿತ್ತು. ಎಂಜಿನ್ ಸುಮ್ಮನೆ ಸೋಲುತ್ತಿತ್ತಷ್ಟೇ. ಟ್ರ್ಯಾಕ್ಟರಿನ ಹುಲ್ಲು ಗಾಡಿಯ ಮುಂಗಾಜಿನ ತುಂಬ ಬೆಳೆಯಿತು.

"ಅಂಕಲ್" ಎಂದೆ.

ಅವರು ಕಾಲೆತ್ತಿ ತುಳಿದರು. ಗಾಡಿ ನಿಲ್ಲುವ ಬದಲು ಮುಂದಕ್ಕೆ ಹಾರಿತು. ಅವರು ತಲೆ ಬಗ್ಗಿಸಿ ಕಾಲು ನೋಡಿದರು. ನೋಡಿ, ಅದನ್ನು ಎಡಕ್ಕೆ ಎಳೆದು, ಬ್ರೇಕ್ ಹುಡುಕಿ ಒತ್ತಿದರು. ಟ್ರ್ಯಾಕ್ಟರ್ ತಪ್ಪಿಸಿ ಮಣ್ಣಿಗಿಳಿದ ಗಾಡಿ ಹೊಂಗೆ ಮರವೊಂದರ ಮುಂದೆ ನಿಂತಿತು. ಹಿಂದೆ ಗಾಜು ಒಡೆಯುತ್ತಲೇ ಇತ್ತು, ಗಾಡಿ ನಿಂತ ಮೇಲೂ ಸ್ವಲ್ಪ ಹೊತ್ತು.

ಅಂಕಲ್ ಇಳಿದು ರಸ್ತೆಯಂಚಿನಲ್ಲಿ ನಿಂತು ಗಾಡಿಯನ್ನು ನೋಡತೊಡಗಿದರು. ಸ್ಯಾಂಡಲ್ ಪೆಡಲಿನ ಸಂದಿಗೆ ಸಿಕ್ಕಿ ಪಟ್ಟಿ ಕಿತ್ತುಹೋಗಿತ್ತು. ಹನ್ನೊಂದರ ಬಿಸಿಲಿಗೆ ಹೊಳೆಯುತ್ತಿದ್ದ ಡಾಂಬರಿನ ಮೇಲೆ ಅವರ ಬರಿಗಾಲು. ಒಡೆದ ಪೆಟ್ಟಿಗೆಗಳನ್ನೆಲ್ಲ ನೋಡಿ, ನನ್ನ ಗಂಡನಿಗೆ ಫೋನ್ ಮಾಡಿ ಮುಗಿಸುವವರೆಗೂ ಅದು ನನ್ನ ಕಣ್ಣಿಗೆ ಬೀಳಲಿಲ್ಲ.

"ಅಂಕಲ್, ಕಾಲು ಸುಡ್ತಿಲ್ವಾ?"

ಅವರು ಬಗ್ಗಿ ನೋಡಿಕೊಂಡರು. "ಎಷ್ಟೊತ್ತಿಂದ ನಿಂತೀನಿ?" ಎಂದು ಕೇಳಿದರು.

ಮರದ ನೆರಳಿಗೆ ಕರೆತಂದು ಕೂರಿಸಿದೆ. ಅಂಗಾಲಿನ ಚರ್ಮ ಆಗಲೇ ಬೆಳ್ಳಗೆ ಉಬ್ಬಿತ್ತು. ಅದರ ಮೇಲೆ ನೀರು ಸುರಿಯುತ್ತಾ ನಾನು ಅತ್ತೆ, ಅರಿಶಿನ ಹಚ್ಚಿದ್ದು ನಾನೇ ಅಂಕಲ್ ಎಂದೆ. "ನೀನು ಹಚ್ಚಿದ್ದು ಯಂತ್ರಕ್ಕೆ. ನಿಮ್ಮ ಆಂಟಿ ಕಣ್ಣಿಗೆ ಮಣ್ಣೆರಚಿದ್ದು ನಾನು. ಒಂದೂವರೆ ವರ್ಷದಿಂದ" ಎಂದರು. ಆಮೇಲೆ ಕೀ ತೆಗೆದು ನನ್ನ ಕೈಗಿಟ್ಟರು. ಅದನ್ನು ಅವರು ವಾಪಸು ಕೇಳಲೇ ಇಲ್ಲ. ನನ್ನ ಗಂಡ ಡ್ರೈವರೊಬ್ಬನನ್ನು ಕರೆದುಕೊಂಡು ಬರುವವರೆಗೆ ಇಬ್ಬರೂ ಆ ನೆರಳಲ್ಲೇ ಕೂತಿದ್ದೆವು.

ಮನೆ ಮುಟ್ಟಿದಾಗ ಆಂಟಿ ಮೊದಲು ಕಾಲನ್ನು ನೋಡಿದರು. ಅಂಕಲ್ ಎಲ್ಲವನ್ನೂ ಹೇಳಿದರು, ಪೂಜೆಯದೊಂದನ್ನು ಬಿಟ್ಟು. ಆಂಟಿ ಅಳಲಿಲ್ಲ. ನನ್ನ ಕಡೆ ತಿರುಗಿದರು. "ನಿಜ ಹೇಳಮ್ಮಾ. ನಿನಗೆ ಇದು ಮೊದಲೇ ಗೊತ್ತಾ?"

ನಾನು ಬಾಯಿ ತೆರೆಯುವ ಮೊದಲೇ ಅಂಕಲ್ ಹೇಳಿಬಿಟ್ಟರು: "ಆ ಹುಡುಗಿಗೇನ್ ಗೊತ್ತು? ನಾನು ಯಾರಿಗೂ ಹೇಳಿರ್ಲಿಲ್ಲ."

ನಾನು ಸುಮ್ಮನಿದ್ದೆ. ನಾಚಿಕೆಗೇಡಿನ ಮಾತು, ಆದರೆ ಆ ಗಳಿಗೆಯಲ್ಲಿ ನನಗಾದದ್ದು ಸಮಾಧಾನವೇ.

ಆ ಗಾಯ ಮಾಯಲಿಲ್ಲ. ಎರಡು ಬೆರಳು ತೆಗೆದರು, ಆಮೇಲೆ ಪಾದ. ಊರುಗೋಲು ಹಿಡಿದು ಜಗಲಿಗೆ ಬಂದು ಕೂರುತ್ತಿದ್ದ ಅಂಕಲ್, ನನ್ನನ್ನು ಕಂಡರೆ ಮೊದಲಿನಷ್ಟೇ ಅಕ್ಕರೆಯಿಂದ ರೇಗಿಸುತ್ತಿದ್ದರು. ಕಳೆದ ವರ್ಷ ಹೃದಯಾಘಾತದಿಂದ ತೀರಿಕೊಂಡರು. ನಾವು ಆಗಲೇ ನಮ್ಮೂರು ತುಮಕೂರಿಗೆ ಮರಳಿದ್ದೆವು.

ಆಂಟಿ ಈಗಲೂ ಫೋನ್ ಮಾಡುತ್ತಾರೆ. "ಅವತ್ತು ನೀನು ಪಕ್ಕದಲ್ಲಿದ್ದೆ ಅಂತ ಆಯನ ಅಷ್ಟು ದಿನವಾದ್ರೂ ಉಳಿದ್ರಮ್ಮಾ" ಎನ್ನುತ್ತಾರೆ. ಗೊತ್ತಿತ್ತು ಆಂಟಿ, ಏಳು ತಿಂಗಳಿಂದ ಗೊತ್ತಿತ್ತು, ಅಂದೇ ಹೇಳಿದ್ದರೆ ಆ ಕಾಲು ಉಳಿಯುತ್ತಿತ್ತು ಎಂದು ಹೇಳಿಬಿಡಬೇಕೆಂದುಕೊಳ್ಳುತ್ತೇನೆ. ಊಟ ಆಯಿತಾ ಎಂದು ಕೇಳಿ ಫೋನ್ ಇಡುತ್ತೇನೆ. ಇಲ್ಲಿ ಬರೆದಿದ್ದೇನೆ. ಆಂಟಿ ವಿಶಾಖಪಟ್ಟಣದಲ್ಲೇ ಹುಟ್ಟಿ ಬೆಳೆದವರು. ಮನೆಯಲ್ಲಿ ಕನ್ನಡ ಮಾತಾಡುತ್ತಾರೆ, ಓದಲು ಬರುವುದು ತೆಲುಗು ಮಾತ್ರ. ಅದು ಗೊತ್ತಿದ್ದೇ ಬರೆದೆ.