ಆರಿದ ಮೇಲೆ ಅಳೆದ ಬಿಸಿ

ಪಕ್ಕದ ಮನೆಯವರು ಮೊನ್ನೆ ಸ್ಲ್ಯಾಬ್ ಹಾಕಿಸಿದರು. ಮರುದಿನ ನೋಡಲು ಹೋದವನು ಸುಮ್ಮನೆ ಅಂಗೈ ಊರಿದೆ. ಹಸಿ ಸಿಮೆಂಟಿನ ವಾಸನೆ, ಒದ್ದೆ ಗೋಣಿತಟ್ಟು, ಅದರಡಿ ಬೆಚ್ಚಗಿದ್ದ ಕಾಂಕ್ರೀಟು... ಇಳಕಲ್ಲಿನ ಬಣ್ಣದ ಕಾಕಾ ನೆನಪಾದರು.

ಬಾಗಲಕೋಟೆಯ ಹಳೇ ಊರಿಗೆ ಹಿನ್ನೀರು ಹೊಕ್ಕ ಕಾಲ. ಆ ನೀರಿಗೆ ಅಡ್ಡಲಾಗಿ ಕಟ್ಟುತ್ತಿದ್ದ ಒಂದು ಸೇತುವೆಗೆ ನಾನು ಎಂಜಿನಿಯರ್. ಕಾಕಾ ಮೊದಲು ಸೀರೆಯ ನೂಲಿಗೆ ಬಣ್ಣ ಹಾಕುತ್ತಿದ್ದವರು. ಆ ಕೆಲಸ ನಿಂತ ಮೇಲೆ ನಮ್ಮಲ್ಲಿಗೆ ಬಂದಿದ್ದರು. ಬುನಾದಿಗೆಂದು ನೆಲದಾಳಕ್ಕೆ ಇಳಿಸುವ ಕಾಂಕ್ರೀಟ್ ಕಂಬಗಳ ಬಿಸಿ ನೋಡುವುದು ಅವರ ಪಾಲಿನ ಕೆಲಸ. ಸಿಮೆಂಟು ಗಟ್ಟಿಯಾಗುವಾಗ ಕಾಯುತ್ತದೆ. ಕಂಬದೊಳಗೆ ಬಿಟ್ಟ ಕೊಳವೆಯಲ್ಲಿ ಥರ್ಮಾಮೀಟರ್ ಇಳಿಸಿ ಅಡಿ ಅಡಿಗೂ ಬರೆದುಕೊಂಡು ಹೋದರೆ, ಎಲ್ಲಿ ತಣ್ಣಗಿದೆಯೋ ಅಲ್ಲಿ ಮಣ್ಣು ಸೇರಿದೆ ಎಂದರ್ಥ. ಕೂಲಿಯವರು ಕಾಕಾರನ್ನು ಜ್ವರದ ಡಾಕ್ಟರ್ ಎಂದು ಕಾಡಿಸುತ್ತಿದ್ದರು. "ಕಂಬಕ್ಕ ಜ್ವರ ಬಂದ್ರ ಛಲೋರಿಪಾ, ಬರದಿದ್ರನ ಫಜೀತಿ," ಎಂದು ಅವರೂ ನಗುತ್ತಿದ್ದರು.

ಒಂದು ಮಧ್ಯಾಹ್ನ ನಗದೇ ಬಂದರು.

"ಸಾಹೇಬ್ರ, ನಡುವಿನ ಕಂಬ ಮ್ಯಾಲ ಕಾದೈತಿ, ಬುಡಕ್ಕೂ ಕಾದೈತಿ. ನಲವತ್ತ ಅಡಿಗೆ ತಣ್ಣಗೈತ್ರಿ. ಅದನ್ನ ಬಿಟ್ಟು ಬಾಜೂಕ ಇನ್ನೊಂದ ಹಾಕ್ರಿ."

ಬೇಸಿಗೆ ಮುಗಿಯುತ್ತಿತ್ತು. ನೀರು ಏರುವುದರೊಳಗೆ ಬುನಾದಿ ಮುಗಿಸಿ ಎಂದು ಮೇಲಿನವರು ಬೆನ್ನು ಹತ್ತಿದ್ದರು. "ಹತ್ತ ದಿನ ಬಿಟ್ಟು ಮತ್ತ ನೋಡೂಣು ಕಾಕಾ," ಅಂದೆ. ಅಷ್ಟರಲ್ಲಿ ಇಡೀ ಕಂಬ ಆರಿ, ಮಣ್ಣೂ ಸಿಮೆಂಟೂ ಒಂದೇ ಬಿಸಿ ತೋರಿಸುತ್ತವೆಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಹೇಳಿದೆ. ಹಾಗೇ ಆಯಿತು. ಎರಡನೇ ಅಳತೆಯನ್ನೇ ಪುಸ್ತಕಕ್ಕೆ ಇಳಿಸಿದೆ.

"ಆರಿದ ಮ್ಯಾಲ ಎಲ್ಲಾ ಒಂದ ಕಾಣತೈತ್ರಿ. ನಿಮಗ ಗೊತ್ತಿಲ್ಲೇನು?" ಎಂದರು ಕಾಕಾ. ಸಹಿ ಮಾಡಲಿಲ್ಲ. ನಾಳೆಯಿಂದ ಬರಬೇಡಿ ಎಂದು ಬೇರೆಯವರ ಕೈಲಿ ಹೇಳಿಸಿದೆ. ನಾನೇ ಹೇಳುವಷ್ಟು ಧೈರ್ಯವೂ ಇರಲಿಲ್ಲ ನನಗೆ...

ಸ್ಲ್ಯಾಬ್ ಮುಟ್ಟಿ ಬಂದ ಮೇಲೆ ತಡೆಯಲಾಗಲಿಲ್ಲ. ತಪ್ಪಾಯಿತು ಎನ್ನಬೇಕೆಂದು ನಿನ್ನೆ ಇಳಕಲ್ಲಿಗೆ ಹೋದೆ. ಕಾಕಾ ತೀರಿಕೊಂಡು ವರ್ಷಗಳೇ ಆಗಿವೆಯಂತೆ. ಅವರ ಹೆಂಡತಿ ಚಹಾ ಕೊಟ್ಟು ಎದುರು ಕೂತರು.

"ಸಾಯೂತನಕ ಆ ಸೇತುವಿ ಮ್ಯಾಲ ನಮ್ಮನ್ನ ಹೋಗಗೊಡಲಿಲ್ರಿ. ಗಟ್ಟಿ ಇಲ್ಲ ಅಂತಿದ್ರು, ಯಾಕಂತ ಮಾತ್ರ ಹೇಳಲಿಲ್ಲ. ಮಗಳಿಗೆ ಹೆರಿಗಿ ಬ್ಯಾನಿ ಬಂದಾಗೂ ಸುತ್ತ ಹಾಕಿ ಕರಕೊಂಡ ಹೋದ್ರು. ಬಾಗಲಕೋಟಿ ದವಾಖಾನಿ ಮುಟ್ಟೂದು ತಡ ಆತು. ಕೂಸು ಉಳೀಲಿಲ್ಲ..." ಆಮೇಲೆ ಕೇಳಿದರು, "ನೀವು ಕಟ್ಟಿದವರು. ಖರೆ ಹೇಳ್ರಿ, ಆ ಸೇತುವಿ ಗಟ್ಟಿ ಐತೋ ಇಲ್ಲೋ?"

"ಗಟ್ಟಿ ಐತ್ರಿ," ಅಂದೆ. ಹೇಳಲು ಹೋದದ್ದನ್ನು ಹೇಳದೆ ಚಹಾ ಮುಗಿಸಿದೆ.

"ಮಗಳೂ ಹಂಗ ಅಂತಾಳ್ರಿ. ಆ ಸಿಟ್ಟಿಗೆ ಅಪ್ಪನ ಮಣ್ಣಿಗೂ ಬರಲಿಲ್ಲ ಅಕಿ."

ಎದ್ದು ಬಂದೆ. ಬಸ್ಸಿನ ತುಂಬ ಜನ. ಅದೇ ಸೇತುವೆ ದಾಟುವಾಗ ನನ್ನ ತೊಡೆಗೆ ಒರಗಿ ಒಂದು ಮಗು ನಿದ್ದೆ ಹೋಗಿತ್ತು. ಕಾಕಾ ಹೋದ ಮೇಲೆ ಆ ಕಂಬದ ವಿಷಯ ಗೊತ್ತಿರುವವನು ನಾನೊಬ್ಬನೇ.