ಎಸ್ತರಮ್ಮನ ಬೆರಕೆ ಅಕ್ಕಿ

ಎಸ್ತರಮ್ಮ ಪ್ರಾರ್ಥನೆ ಮಾಡುವಾಗ ದೇವರಿಗೆ ದಾರಿ ಹೇಳುತ್ತಿದ್ದರು. ಪ್ರತಿ ಬುಧವಾರ ಸಂಜೆ ಯಾರಾದರೊಬ್ಬರ ಮನೆಯಲ್ಲಿ ನಮ್ಮ ಚರ್ಚಿನ ಸ್ತ್ರೀ ಸಂಘದವರು ತಲೆಯ ಮೇಲೆ ಸೆರಗೆಳೆದುಕೊಂಡು, ಕಣ್ಣು ಮುಚ್ಚಿ ಚಾಪೆಯ ಮೇಲೆ ಕುಳಿತಿರುತ್ತಿದ್ದೆವು. ಕಾಯಿಲೆಯವರಿಗಾಗಿ ಬೇಡಿಕೊಳ್ಳುವ ಕೆಲಸ ಎಸ್ತರಮ್ಮನದು.

“ಕರ್ತನೇ, ನಮ್ಮ ಲಿಲ್ಲಿಗೆ ಇನ್ನೂ ಜ್ವರ ಬಿಟ್ಟಿಲ್ಲ. ನೀನು ಒಂದ್ಸಲ ಹೋಗಿ ಅವಳ ಹಣೆ ಮುಟ್ಟಿ ಬರಬೇಕು. ಸಂಜಯನಗರದಲ್ಲಿ ಸೌದೆ ಡಿಪೋ ಇದೆಯಲ್ಲಪ್ಪಾ, ಅದರ ಎದುರಿನ ಸಂದಿ. ಮೊದಲನೇ ಗೇಟಲ್ಲ ತಂದೇ, ಅಲ್ಲಿ ನಾಯಿ ಇದೆ. ಎರಡನೇದು. ಬೆಲ್ ಕೆಟ್ಟಿದೆ, ಬಾಗಿಲೇ ಬಡೀಬೇಕು. ಅವಳ ಅತ್ತೆಗೆ ಕಿವಿ ಮಂದ, ಸ್ವಲ್ಪ ಜೋರಾಗೇ ಬಡಿ.”

ಇಷ್ಟರಲ್ಲಿ ಯಾರಾದರೂ ಸೆರಗನ್ನು ಬಾಯಿಗೆ ತುರುಕಿಕೊಂಡು ಕೆಮ್ಮತೊಡಗುತ್ತಿದ್ದರು. ಒಮ್ಮೆ ನಾನು ಕೇಳಿಯೇಬಿಟ್ಟೆ: “ಎಸ್ತರಮ್ಮಾ, ದೇವರಿಗೆ ಎಲ್ಲಾ ಗೊತ್ತಿರುತ್ತಲ್ವಾ?”

“ಗೊತ್ತಿರುತ್ತೆ ಟೀಚರ್. ಆದ್ರೆ ಈ ಆರ್.ಟಿ. ನಗರದ ಕಡೆ ದಿನಾ ಒಂದು ಹೊಸ ರೋಡ್ ಹಾಕ್ತಾವ್ರೆ. ಇಲ್ಲೇ ಇರೋ ನಮಗೇ ದಾರಿ ತಪ್ಪುತ್ತೆ, ಪಾಪ, ಮೇಲಿಂದ ಬರೋವ್ರಿಗೆ?”

ನಾನು ಮಿಷನ್ ಬೋರ್ಡಿಂಗಿನಲ್ಲಿ ಬೆಳೆದವಳು. ಗಂಟೆ ಹೊಡೆದರೆ ಏಳುವುದು, ಗಂಟೆ ಹೊಡೆದರೆ ಉಣ್ಣುವುದು, ಗಂಟೆ ಹೊಡೆದರೆ ಮಲಗುವುದು. ಆಮೇಲೆ ಹುಡುಗಿಯರ ಹೈಸ್ಕೂಲಿನಲ್ಲಿ ಡ್ರಿಲ್ ಟೀಚರ್ ಆದೆ. ಸಂಘಕ್ಕೆ ಕಾರ್ಯದರ್ಶಿಯಾದಾಗ ಅದೇ ಶಿಸ್ತನ್ನು ಅಲ್ಲಿಗೂ ತಂದೆ. ಈಸ್ಟರಿಗೆ ಮುಂಚಿನ ತಪಸ್ಸು ಕಾಲದಲ್ಲಿ ಆಸ್ಪತ್ರೆ ಭೇಟಿ, ಶಾಲೆ ಶುರುವಾಗುವ ಮೊದಲು ಬಡ ಮಕ್ಕಳಿಗೆ ಪುಸ್ತಕ, ಮಳೆ ನಿಂತ ಮೇಲೆ ಸುಗ್ಗಿ ಹಬ್ಬ, ಕ್ರಿಸ್ಮಸ್ಸಿಗೆ ಬಾಗಲೂರು ದಾರಿಯ ವೃದ್ಧೆಯರ ಆಶ್ರಮಕ್ಕೆ ಅಕ್ಕಿ. ಎಲ್ಲಕ್ಕೂ ಒಂದೊಂದು ವೇಳೆ, ಒಂದೊಂದು ಸಾಲು. ಸಾಲಿನಲ್ಲಿ ನಿಲ್ಲದವರು ಎಸ್ತರಮ್ಮ ಒಬ್ಬರೇ. ನಿಲ್ಲಿಸಿದರೂ ಅವರ ಗಾತ್ರಕ್ಕೆ ಸಾಲು ಬಾಗುತ್ತಿತ್ತು.

ಎತ್ತರದ, ಅಗಲದ ಹೆಂಗಸು. ಕೈಯಲ್ಲಿ ಗಂಡನ ಕಾಲದ ಉದ್ದನೆಯ ರೈಲ್ವೆ ಕೊಡೆ. ಅದನ್ನು ಮಳೆಗೆ ಬಿಚ್ಚಿದ್ದಕ್ಕಿಂತ ಜನರನ್ನು ತಿವಿಯಲು ಬಳಸಿದ್ದೇ ಹೆಚ್ಚು. ಗಂಡ ಜಯರಾಜ್ ನಿವೃತ್ತ ರೈಲ್ವೆ ಗಾರ್ಡು. ಬಡಕಲು ದೇಹ, ಕಟ್ಟಿಸಿಕೊಂಡ ಹಲ್ಲು, ಮಾತು ಬಹಳ ಕಡಿಮೆ. “ನಮ್ಮೆಜಮಾನ್ರು ಬಾವುಟ ತೋರಿಸಿ ತೋರಿಸಿ ಮಾತಾಡೋದೇ ಮರ್ತೋದ್ರು ಕಣ್ರೀ” ಎಂದು ಎಸ್ತರಮ್ಮ ಅವರ ಮುಂದೆಯೇ ಹೇಳುತ್ತಿದ್ದರು. ಜಯರಾಜ್ ಹೌದೆಂದು ತಲೆಯಾಡಿಸುತ್ತಿದ್ದರು.

ಆಶ್ರಮಕ್ಕೆ ಕೊಡುವ ಅಕ್ಕಿಯೆಂದರೆ ಹಿಡಿ ಅಕ್ಕಿ. ನಮ್ಮ ಸಭೆಯ ಹೆಂಗಸರು ಅನ್ನಕ್ಕೆ ಅಕ್ಕಿ ಅಳೆಯುವಾಗಲೆಲ್ಲ ಅದರಿಂದ ಒಂದು ಹಿಡಿ ತೆಗೆದು ದೇವರ ಹೆಸರಲ್ಲಿ ಬೇರೆ ಇಡುತ್ತಿದ್ದರು. ನಮ್ಮಲ್ಲಿ ಅದನ್ನು ಶುರುಮಾಡಿಸಿದವರೇ ಎಸ್ತರಮ್ಮ. ಶನಿವಾರ ಬಿಸ್ಕತ್ತಿನ ಡಬ್ಬ ಹಿಡಿದು ಮನೆ ಮನೆಗೆ ಹೋಗಿ ಅದನ್ನೆಲ್ಲ ಕೂಡಿಸಿ ತಂದು, ದೇವಾಲಯದ ಹಿಂದಿನ ಕೋಣೆಯ ಡ್ರಮ್ಮಿಗೆ ಸುರಿಯುತ್ತಿದ್ದರು. ಅಧ್ಯಕ್ಷೆಯ ಪದವಿ ಕೊಡುತ್ತೇವೆಂದರೂ ಆ ಡಬ್ಬ ಬಿಡುತ್ತಿರಲಿಲ್ಲ.

ಒಂದು ವರ್ಷ, ಸುಗ್ಗಿ ಹಬ್ಬ ಹತ್ತಿರವಿರುವಾಗ, ಆಶ್ರಮದ ಮೇಟ್ರನ್ ನಮ್ಮ ಬುಧವಾರದ ಕೂಟಕ್ಕೆ ಬಂದರು. ಪ್ರಾರ್ಥನೆ ಮುಗಿಯಿತು, ಕಾಫಿ ಬಂತು. ಅವರು ಲೋಟವನ್ನು ನೆಲಕ್ಕಿಟ್ಟು, “ಬೇಜಾರ್ ಮಾಡ್ಕೋಬೇಡಿ. ಈ ಸಲ ಅಕ್ಕಿ ತರಬೇಡಿ. ಸೋಪು ತನ್ನಿ” ಎಂದರು.

ಎಸ್ತರಮ್ಮನ ಕೈಯಲ್ಲಿದ್ದ ಚಕ್ಕುಲಿ ಬಾಯಿಯ ದಾರಿಯಲ್ಲಿ ನಿಂತಿತು. “ಯಾಕ್ರೀ? ಅಕ್ಕಿಗೇನಾಗಿದೆ?”

“ಒಂದೇ ಅಕ್ಕಿ ಆದ್ರೆ ಏನೂ ಆಗಲ್ಲಮ್ಮ. ನಿಮ್ಮದ್ರಲ್ಲಿ ಸಣ್ಣಕ್ಕಿ, ದೋಸೆ ಅಕ್ಕಿ, ಕುಸುಬಲಕ್ಕಿ, ಸೊಸೈಟಿ ಅಕ್ಕಿ ಎಲ್ಲಾ ಇದೆ. ಒಂದು ಬೇಯೋ ಹೊತ್ತಿಗೆ ಇನ್ನೊಂದು ಗಂಜಿ. ಮತ್ತೊಂದು ಕಲ್ಲು. ನಮ್ಮ ಅಜ್ಜಿಯರಿಗೆ ಹಲ್ಲೆಲ್ಲಿದೆ?”

ಸಮಸ್ಯೆ ನನಗೆ ತಕ್ಷಣ ಅರ್ಥವಾಯಿತು, ಪರಿಹಾರವೂ ಹೊಳೆಯಿತು. ಇನ್ನು ಮುಂದೆ ಎಲ್ಲರೂ ಒಂದೇ ಅಂಗಡಿಯ ಒಂದೇ ಸಣ್ಣಕ್ಕಿ ಕೊಡತಕ್ಕದ್ದು ಎಂದು ಸೂಚಿಸಿದೆ. ಎಲ್ಲರೂ ತಲೆಯಾಡಿಸಿದರು. ಮೇಟ್ರನ್ನರ ಮುಖ ಅರಳಿತು.

ಮರಳಿ ಬರುವಾಗ ಎಸ್ತರಮ್ಮ ಕೊಡೆಯಿಂದ ನನ್ನನ್ನು ತಡೆದು ನಿಲ್ಲಿಸಿದರು. “ಎಲ್ಲರೂ ಸಣ್ಣಕ್ಕಿ ಅಂದ್ರಲ್ಲ. ಸುಂದ್ರಮ್ಮ?”

ಸುಂದ್ರಮ್ಮ ಹೆಬ್ಬಾಳದ ಕೆರೆ ಪಕ್ಕದಲ್ಲಿ ಮಕ್ಕಳನ್ನು ಕಟ್ಟಿಕೊಂಡು ಒಬ್ಬಳೇ ಇದ್ದವಳು. ಶಿಶುವಿಹಾರವೊಂದರಲ್ಲಿ ಆಯಾ. ಮನೆಯಲ್ಲಿ ಬೇಯುತ್ತಿದ್ದುದು ರೇಷನ್ನಿನ ಸೊಸೈಟಿ ಅಕ್ಕಿಯೇ. ಆ ಸಂಜೆ ಕೆಲಸದಿಂದ ಬರಲಾಗದೆ ಕೂಟ ತಪ್ಪಿಸಿದ್ದಳು.

“ಸುಂದ್ರಮ್ಮ ಕೊಡೋದು ಬೇಡ ಎಸ್ತರಮ್ಮ. ಅವಳಿಗೆ ರಿಯಾಯ್ತಿ ಕೊಡೋಣ.”

“ನೀವ್ ಹೋಗಿ ಹೇಳ್ತೀರಾ ಅವಳಿಗೆ? ‘ನಿಮ್ಮ ಮನೆ ಅಕ್ಕಿ ದೇವರಿಗೆ ಸೇರಲ್ಲ ಕಣಮ್ಮ’ ಅಂತ? ಹೇಳಿ, ನಾನೂ ಜೊತೇಗೆ ಬರ್ತೀನಿ. ನಿಂತ್ಕೊಂಡು ನೋಡ್ತೀನಿ.”

ನಾನು ಹೋಗಲಿಲ್ಲ. ಆದರೆ ಬೆರಕೆ ಅಕ್ಕಿ ಬೇಯುವುದಿಲ್ಲವೆಂಬ ಮಾತು ಸುಳ್ಳಾಗಿರಲಿಲ್ಲವಲ್ಲ. ಎಸ್ತರಮ್ಮ ಅದನ್ನು ಒಪ್ಪಲಿಲ್ಲ. ಬೇಯಿಸುವವರ ಕೈಯಲ್ಲಿ ಪ್ರಾರ್ಥನೆ ಇಲ್ಲ, ಅದಕ್ಕೇ ಹಾಗಾಗಿದೆ ಎಂದರು. ಮುಂದಿನ ಬುಧವಾರ ಕೂಟ ಅವರ ಮನೆಯಲ್ಲೇ. ಡ್ರಮ್ಮಿನ ಅಕ್ಕಿ ತಂದು, ಒಲೆಯ ಮುಂದೆ ನಿಂತು ಹಾಡು ಹೇಳುತ್ತ ದೊಡ್ಡ ಪಾತ್ರೆಯಲ್ಲಿ ಅನ್ನ ಮಾಡಿದರು. ಪಾದ್ರಿಯವರನ್ನೂ ಊಟಕ್ಕೆ ಕರೆದಿದ್ದರು.

ಪಾತ್ರೆಯ ತಳದಲ್ಲಿ ಅಂಟು, ನಡುವೆ ಗಂಜಿ, ಮೇಲೆ ಬೇಯದ, ಕಲ್ಲಿನಂಥ ಕಾಳು. ಎಲ್ಲರೂ ಅಗಿದೆವು. ಆ ಸದ್ದು ಕೇಳಿದರೆ ಮನೆಯೊಳಗೆ ಯಾರೋ ಜಲ್ಲಿ ಮೇಲೆ ನಡೆದಾಡುತ್ತಿದ್ದಾರೆ ಎನ್ನಬೇಕು.

“ಹೇಗಿದೆ ಅಯ್ಯನವರೇ?” ಎಂದರು ಎಸ್ತರಮ್ಮ.

ಪಾದ್ರಿಯವರು ಸುಳ್ಳು ಹೇಳುವವರಲ್ಲ, ನೋಯಿಸುವವರೂ ಅಲ್ಲ. ಬಹಳ ಹೊತ್ತು ಅಗಿದು, ನುಂಗಿ, ನೀರು ಕುಡಿದು, “ಸಾರು ಚೆನ್ನಾಗಿದೆಯಮ್ಮ” ಎಂದರು.

ಸುಂದ್ರಮ್ಮ ಮಾತ್ರ ಮೂಲೆಯಲ್ಲಿ ಕುಳಿತು ಎಲೆ ಖಾಲಿ ಮಾಡಿ, “ನಂಗೇನೂ ಗೊತ್ತಾಗಲಿಲ್ಲಪ್ಪ, ಚೆನ್ನಾಗೇ ಐತಲ್ಲ!” ಎಂದಳು. ಎಸ್ತರಮ್ಮ ಅವಳಿಗೆ ಇನ್ನೊಂದು ಸೌಟು ಬಡಿಸಿ, ಉಳಿದವರನ್ನೆಲ್ಲ ದುರುಗುಟ್ಟಿ ನೋಡಿದರು.

ಇನ್ನುಳಿದ ದಾರಿ ಸುಗ್ಗಿ ಹಬ್ಬದ ಹರಾಜು. ಅಂದು ಜನ ತಂದ ಕುಂಬಳಕಾಯಿ, ಕಬ್ಬು, ಕೋಳಿ, ಕೇಕುಗಳನ್ನೆಲ್ಲ ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಹರಾಜು ಹಾಕುತ್ತಿದ್ದೆವು. ಕೊಂಡವರು ಉತ್ಸಾಹ ಬಂದರೆ ಆ ವಸ್ತುವನ್ನು “ವಾಪಸ್ ದೇವರಿಗೆ” ಎಂದು ಮರಳಿ ಕೊಡಬಹುದು. ಅದು ಮತ್ತೆ ಹರಾಜಿಗೆ ಬರುತ್ತದೆ. ಒಂದೇ ಹುಂಜ ಮಧ್ಯಾಹ್ನದವರೆಗೆ ಕೈಯಿಂದ ಕೈಗೆ ಹೋಗಿ ಸುಸ್ತಾದದ್ದುಂಟು. ಕೂಗುವವಳು ನಾನೇ, ಡ್ರಿಲ್ ಗಂಟಲಿಗೆ ಮೈಕು ಬೇಕಿರಲಿಲ್ಲ.

ಎಸ್ತರಮ್ಮ ಬೆರಕೆ ಅಕ್ಕಿಯನ್ನು ಮೂಟೆ ಕಟ್ಟಿಸಿ, ಬಾಯಿಗೆ ಕೆಂಪು ರಿಬ್ಬನ್ ಹಾಕಿ ತಂದಿಟ್ಟರು. ಇದನ್ನು ಯಾರಾದರೂ ಕೊಂಡರೆ ಆ ಹಣದಲ್ಲಿ ಆಶ್ರಮಕ್ಕೆ ಒಂದೇ ಬಗೆಯ ಅಕ್ಕಿ ತರಬಹುದು, ಹಿಡಿ ಅಕ್ಕಿಯೂ ನಿಲ್ಲಬೇಕಿಲ್ಲ ಎಂದು ಅವರ ಲೆಕ್ಕ. ಆದರೆ ಆ ಬುಧವಾರದ ಅನ್ನದ ಸುದ್ದಿ ಯಲಹಂಕದವರೆಗೂ ಮುಟ್ಟಿತ್ತು. ನಾನು ಕೂಗಿದೆ. ಜನ ಆಕಾಶ ನೋಡಿದರು. ಕೊಡೆಯ ತುದಿ ಜಯರಾಜರ ಪಕ್ಕೆಗೆ ತಾಗಿತು. ಅವರ ಕೈ ತಾನಾಗಿ ಮೇಲೆದ್ದಿತು.

“ವಾಪಸ್ ದೇವರಿಗೆ!” ಎಂದು ಗಂಡನ ಪರವಾಗಿ ಎಸ್ತರಮ್ಮ ಕೂಗಿದರು, ಈ ಸಲವಾದರೂ ಬೇರೆ ಯಾರಾದರೂ ಕೈ ಎತ್ತಿಯಾರೆಂದು. ಎತ್ತಲಿಲ್ಲ. ಕೊಡೆ ಮತ್ತೆ ತಾಗಿತು. ಜಯರಾಜರ ಕೈ ಮತ್ತೆ ಎದ್ದಿತು.

“ವಾಪಸ್ ದೇವರಿಗೆ!”

ಮೂರನೆಯ ಸಲವೂ ಅದೇ ಮೂಟೆಯನ್ನು ಅವರೇ ಕೊಂಡಾಗ ಪಾದ್ರಿಯವರು ಎದ್ದು ಬಂದು, “ದೇವರಿಗೆ ಸಾಕಂತೆ ಎಸ್ತರಮ್ಮ, ಮನೆಗೆ ತಗೊಂಡು ಹೋಗಿ” ಎಂದು ಆಶೀರ್ವಾದ ಹೇಳಿ ಹರಾಜು ಮುಗಿಸಿದರು. ಜಯರಾಜ್ ಮೂಟೆಯನ್ನು ಸೈಕಲ್ಲಿನ ಮೇಲಿಟ್ಟು, ಗೂಡ್ಸ್ ಗಾಡಿಯ ಹಿಂದೆ ನಡೆಯುವವರಂತೆ ನಿಧಾನವಾಗಿ ನಡೆದುಹೋದರು.

ಆಮೇಲೆ ಎಸ್ತರಮ್ಮ ಶನಿವಾರ ಡಬ್ಬ ಹಿಡಿದು ಬರಲಿಲ್ಲ. ಕೂಟಕ್ಕೆ ಬಂದರೂ ಪ್ರಾರ್ಥನೆಯಲ್ಲಿ ಕಾಯಿಲೆಯವರ ಹೆಸರಷ್ಟೇ ಹೇಳಿ ಆಮೆನ್ ಎನ್ನುತ್ತಿದ್ದರು. ಅವರ ಪ್ರಾರ್ಥನೆ ಚುಟುಕಾಗಲಿ ಎಂದು ಎಷ್ಟು ವರ್ಷ ಬಯಸಿದ್ದೆ. ಈಗ ಆಯಿತು, ಯಾಕೋ ಕೂಟವೇ ಸಪ್ಪೆಯಾಯಿತು.

ಬಿಕ್ಕಟ್ಟು ಬಿಡಿಸಿದ್ದು ಜಯರಾಜರ ಹಲ್ಲು. ಹೆಂಡತಿ ಹಟಕ್ಕೆ ಬಿದ್ದು ಮನೆಯಲ್ಲಿ ಎರಡು ಹೊತ್ತೂ ಅದೇ ಅಕ್ಕಿ ಬೇಯಿಸುತ್ತಿದ್ದರಂತೆ. ಒಂದು ದಿನ ಕಟ್ಟಿಸಿದ ಹಲ್ಲು ಅನ್ನದಲ್ಲೇ ಉಳಿಯಿತು. ಜಯರಾಜ್ ಎದ್ದು, ಮೂಟೆಯನ್ನು ಸೈಕಲ್ಲಿಗೇರಿಸಿ, ಮಿಲ್ಲಿಗೆ ಹೋಗಿ ಪೂರ್ತಿ ಹಿಟ್ಟು ಮಾಡಿಸಿಕೊಂಡು ಬಂದರು. ಆ ಹೊತ್ತಿಗೆ ನಾನು ಅವರ ಮನೆಯಲ್ಲಿದ್ದೆ.

“ಯಾರನ್ನ ಕೇಳಿ ಬೀಸಿಸಿದ್ರಿ?” ಎಂದು ಎಸ್ತರಮ್ಮ ಅಬ್ಬರಿಸಿದರು.

“ನನ್ನ ಹಲ್ಲನ್ನ” ಎಂದರು ಜಯರಾಜ್. ಅವರ ಬಾಯಿಂದ ನಾನು ಕೇಳಿದ ಮೊದಲ ಪೂರ್ತಿ ಉತ್ತರ ಅದು.

ಎಸ್ತರಮ್ಮ ಗಂಡನನ್ನು ನೋಡಿದರು, ಹಿಟ್ಟನ್ನು ನೋಡಿದರು. ಹಿಟ್ಟಿನಲ್ಲಿ ಸಣ್ಣಕ್ಕಿಯೂ ಇರಲಿಲ್ಲ, ಸೊಸೈಟಿ ಅಕ್ಕಿಯೂ ಇರಲಿಲ್ಲ. ಬೆರಳಲ್ಲಿ ಉಜ್ಜಿ ನೋಡಿ, “ಟೀಚರ್, ಶಾವಿಗೆ ಒರಳು ಯಾರ ಮನೇಲಿದೆ?” ಎಂದರು.

ಕ್ರಿಸ್ಮಸ್ಸಿನ ವಾರ ಟೆಂಪೋದಲ್ಲಿ ಹಿಟ್ಟು, ಶಾವಿಗೆ ಒರಳು, ತೆಂಗಿನಕಾಯಿ, ಬೆಲ್ಲ ಮತ್ತು ಸಂಘದ ಹೆಂಗಸರನ್ನು ತುಂಬಿಕೊಂಡು ಬಾಗಲೂರು ದಾರಿ ಹಿಡಿದೆವು. ಮೇಟ್ರನ್ ಗೇಟಿನಲ್ಲೇ ಮೂಟೆ ಕಂಡು ಕೈಕಟ್ಟಿ ನಿಂತರು. “ಎಸ್ತರಮ್ಮಾ, ಸೋಪು ಅಂದಿದ್ದೆ.”

“ಸೋಪೂ ತಂದಿದೀವಿ. ಮೊದಲು ಒಲೆ ತೋರಿಸಿ.”

ಒತ್ತು ಶಾವಿಗೆ ಸೋಮಾರಿಗಳ ತಿಂಡಿಯಲ್ಲ. ಹಿಟ್ಟನ್ನು ಕುದಿನೀರಲ್ಲಿ ತೊಳಸಿ, ಮುದ್ದೆ ಕಟ್ಟಿ, ಮತ್ತೆ ಬೇಯಿಸಿ, ಬಿಸಿಯಿರುವಾಗಲೇ ಒರಳಿಗೆ ತುಂಬಿ ಅದರ ಉದ್ದನೆಯ ಮರದ ಹಿಡಿಯನ್ನು ಒತ್ತಬೇಕು. ಒಬ್ಬರು ಒತ್ತಿದರೆ ಕದಲಲಿಲ್ಲ. ಇಬ್ಬರು ಜೋತುಬಿದ್ದರೆ ಒರಳೇ ಎದ್ದಿತು. ನಾನು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, “ಒಂದ್! ಎರಡ್! ಒತ್ತ್!” ಎಂದು ಡ್ರಿಲ್ ಕೂಗಿದೆ. ಕೂಗಿಗೆ ಅಜ್ಜಿಯರೆಲ್ಲ ಮಂಚ ಬಿಟ್ಟು ಹೊರಗೆ ಬಂದರು, ಶಾವಿಗೆ ಬರಲಿಲ್ಲ. ಕೊನೆಗೆ ಎಸ್ತರಮ್ಮ ಕೊಡೆಯನ್ನು ಸುಂದ್ರಮ್ಮನ ಕೈಗೆ ಕೊಟ್ಟು, “ಪಕ್ಕಕ್ಕೆ ಸರೀರಿ” ಎಂದು ಬಂದವರೇ ಹಿಡಿಯ ಮೇಲೆ ಕುಳಿತುಬಿಟ್ಟರು. ಬಿಳಿಯ ಶಾವಿಗೆ ತಟ್ಟೆಗೆ ಸರಸರನೆ ಇಳಿಯಿತು. ಅಜ್ಜಿಯರು ಚಪ್ಪಾಳೆ ತಟ್ಟಿದರು. ಎಸ್ತರಮ್ಮ ಮೇಲಿಂದಲೇ ನಮಸ್ಕಾರ ಮಾಡಿದರು.

ಕಾಯಿಹಾಲಿನಲ್ಲಿ ನೆನೆದ ಶಾವಿಗೆ ಹಲ್ಲಿಲ್ಲದ ಬಾಯಲ್ಲಿ ತಾನೇ ಕರಗಿತು. ರಾಜಾನುಕುಂಟೆ ಕಡೆಯ ಒಬ್ಬ ಅಜ್ಜಿ ಮೂರನೇ ಸಲ ತಟ್ಟೆ ಒಡ್ಡಿ, “ಇಂಗೇ ವರ್ಸಾ ವರ್ಸಾ ಬಂದು ಕೂತ್ಕೊಳವ್ವ” ಎಂದಳು.

ಮೇಟ್ರನ್ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ನನ್ನ ಬಳಿ ಬಂದರು. “ಮುಂದಿನ ಸಲಾನೂ ಅದೇ ಬೆರಕೆ ಅಕ್ಕಿನೇ ಬೀಸಿಸ್ಕೊಂಡು ಬನ್ನಿ. ಬೇರೆ ತರಬೇಡಿ.”

ಎಸ್ತರಮ್ಮನಿಗೆ ಅದು ಕೇಳಿಸಿತು. “ನಾನ್ ಹೇಳ್ಲಿಲ್ವಾ?” ಎಂದರು. ಅವರು ಏನು ಹೇಳಿದ್ದರೆಂದು ಯಾರಿಗೂ ನೆನಪಿರಲಿಲ್ಲ, ಆದರೂ ಹೌದೆಂದೆವು. ಮಾರನೆಯ ಶನಿವಾರ ಡಬ್ಬ ಮತ್ತೆ ಹೊರಟಿತು.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಹುಬ್ಬಳ್ಳಿಯಲ್ಲಿ ರೈಲ್ವೆ ಕೆಲಸದಲ್ಲಿದ್ದ ಮಗ ಅಪ್ಪ ಅಮ್ಮನನ್ನು ತನ್ನಲ್ಲಿಗೆ ಕರೆಸಿಕೊಂಡ. ಯಶವಂತಪುರ ಸ್ಟೇಷನ್ನಿಗೆ ಸಂಘದವರೆಲ್ಲ ಹೋಗಿದ್ದೆವು. ಎಸ್ತರಮ್ಮ ಹತ್ತುವಾಗ ಬೋಗಿ ನಮ್ಮ ಕಡೆಗೆ ಸ್ವಲ್ಪ ಬಾಗಿತೆಂದು ಲಿಲ್ಲಿ ಇಂದಿಗೂ ಹೇಳುತ್ತಾಳೆ. ಜಯರಾಜ್ ಕೆಳಗೇ ನಿಂತು ಗಾರ್ಡಿನ ಕಡೆ ನೋಡುತ್ತಿದ್ದರು, ಅವನ ಕೆಲಸ ಸರಿಯಿದೆಯೇ ಎಂದು.

ಡಬ್ಬ ನನ್ನ ಕೈಗೆ ಬಂದಿತ್ತು. ಎಸ್ತರಮ್ಮ ಕಿಟಕಿಯಿಂದ ನನ್ನನ್ನು ಹತ್ತಿರ ಕರೆದರು.

“ಶನಿವಾರ ಹೊರಟ್ರೆ ಮೊದಲು ಸುಂದ್ರಮ್ಮನ ಮನೇಗೆ ಹೋಗಿ ಟೀಚರ್.”

“ಅದೇ ಎಲ್ಲಕ್ಕಿಂತ ದೂರ ಅಲ್ವಾ? ಹತ್ತಿರದ ಮನೆ ಮುಗಿಸ್ಕೊಂಡು ಕೊನೇಲಿ ಹೋಗ್ತೀನಿ.”

“ಕೊನೇಲಿ ಹೋದ್ರೆ ಡಬ್ಬದ ತುಂಬ ಎಲ್ಲರ ಸಣ್ಣಕ್ಕಿ ಕಾಣುತ್ತೆ ಕಣ್ರೀ. ಅವಳು ತನ್ನ ಅಕ್ಕಿನ ಅದರ ಮೇಲೆ ಹಾಕ್ಬೇಕು, ಕೈ ಹಿಂದೆ ಹೋಗುತ್ತೆ. ಖಾಲಿ ಡಬ್ಬಕ್ಕೆ ಯಾವ ಅಕ್ಕಿ ಬಿದ್ರೂ ಅಕ್ಕಿನೇ.”

ಅಷ್ಟರಲ್ಲಿ ಗಾಡಿ ಕದಲಿತು. ಜಯರಾಜ್ ಹಗುರವಾಗಿ ಹಾರಿ ಹತ್ತಿಕೊಂಡರು. ಎಸ್ತರಮ್ಮ ಇನ್ನೂ ಏನೋ ಕೂಗುತ್ತಿದ್ದರು. ಶಿಳ್ಳೆಯ ಸದ್ದಿಗೆ ಕೇಳಿಸಲಿಲ್ಲ. ಮತ್ತೆ ಅವರನ್ನು ನೋಡುವ ಅವಕಾಶ ನಮಗೆ ಬರಲಿಲ್ಲ.

ಆ ಶನಿವಾರ ಹತ್ತಿರದ ಮನೆಗಳನ್ನೆಲ್ಲ ದಾಟಿ, ಖಾಲಿ ಡಬ್ಬ ಹಿಡಿದು ಹೆಬ್ಬಾಳದ ಕೆರೆಯವರೆಗೆ ನಡೆದೆ. ಸುಂದ್ರಮ್ಮ ಮುಚ್ಚಳ ತೆಗೆದು ಒಳಗೆ ಇಣುಕಿದಳು. ಮುಖವೆಲ್ಲ ನಗುವಾಯಿತು. ಒಳಗಿಂದ ತಟ್ಟೆಯಲ್ಲಿ ಅಕ್ಕಿ ತಂದು ಸದ್ದಾಗುವಂತೆ ಸುರಿದಳು.

“ನಮ್ಮ ಮನೆ ಅಕ್ಕಿ ಬೀಳ್ದೆ ಎಸ್ತರಮ್ಮ ಬೇರೆ ಮನೇಗೇ ಹೋಗ್ತಿರ್ಲಿಲ್ಲ” ಎಂದಳು. “ನೀವೂ ಅಂಗೇನಾ ಟೀಚರ್?”

“ನಾನೂ ಹಾಗೇ” ಎಂದೆ.