ನಾನು ಕಟ್ಟಿಕೊಳ್ಳದ ಅರಿಸಿನ ಕೊಂಬು

ಪವಾಡದ ಕಥೆ ಹೇಳುವವರನ್ನು ‘ಸಾಕ್ಷಿ ಎಲ್ಲಿ?’ ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದವಳು ನಾನು. ಭದ್ರಾವತಿಯಲ್ಲಿ ಹೈಸ್ಕೂಲು ಮಕ್ಕಳಿಗೆ ಗಣಿತ ಕಲಿಸುವ ನನಗೆ ಅದು ಚಾಳಿಯೇ ಆಗಿತ್ತು. ಈಗ ನೀವು ನನ್ನನ್ನೇ ಹಾಗೆ ಕೇಳಿದರೆ ಉತ್ತರವಿಲ್ಲ. ಆದರೂ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದಿನ ಮಾತು. ಮೆದುಳಿನಲ್ಲಿ ರಕ್ತಸ್ರಾವವಾಗಿ ಆರು ತಿಂಗಳು ಕಳೆದಿತ್ತು. ಮಾತು, ನಡಿಗೆ ಮರಳಿದ್ದವು. ಎಡಗೈ ಬೆರಳುಗಳಿಗೆ ಮಾತ್ರ ಒಂದು ಗುಂಡಿ ಹಾಕುವುದೂ ಆಗುತ್ತಿರಲಿಲ್ಲ. ನೆನಪು ನೆಟ್ಟಗಿದೆ ಎಂದು ಡಾಕ್ಟರು ಬರೆದುಕೊಟ್ಟರೆ ಮಾತ್ರ ಶಾಲೆಗೆ ಬನ್ನಿ ಎಂದಿದ್ದರು ಹೆಡ್ ಮಾಸ್ಟರು. ಆ ಚೀಟಿಗಾಗಿ ಗಂಡನ ಜೊತೆ ಶಿವಮೊಗ್ಗಕ್ಕೆ ಹೋದೆ.

ಸ್ಕ್ಯಾನಿಂಗ್ ಕೋಣೆಯೊಳಗೆ ಲೋಹ ಕೂಡದು. ತಾಳಿ ಬಿಚ್ಚಿ ಗಂಡನ ಕೈಗೆ ಕೊಟ್ಟೆ. ತಾಳಿ ತೆಗೆದರೆ ಅರಿಸಿನ ಕೊಂಬನ್ನು ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಳ್ಳುವುದು ನಮ್ಮಲ್ಲಿ ರೂಢಿ. ಅತ್ತೆ ಕೊಡಲು ಬಂದದ್ದನ್ನು ನಾನು ಮನೆಯಲ್ಲೇ ಬಿಟ್ಟು ಬಂದಿದ್ದೆ.

“ಅಮ್ಮ ಕೊಟ್ಟಿದ್ದನ್ನಾದ್ರೂ ತರಬಾರದಿತ್ತಾ ಮಾರಾಯ್ತಿ?” ಎಂದರು ಗಂಡ.

“ಅರ್ಧ ಗಂಟೆ ನನ್ನ ಕೊರಳು ಬರಿದಾಗಿದ್ರೆ ನೀವೇನೂ ಕರಗಿಹೋಗಲ್ಲ, ಸುಮ್ನಿರಿ.”

ಮಲಗಿದೆ. ತಲೆಗೆ ಪಂಜರದಂಥ ಮುಚ್ಚಳ ಹಾಕಿದರು. ಕದಲದೆ ಇದ್ದೆ. ಹೊರಬಂದ ಮೇಲೆ ಗೌನಿನ ಲಾಡಿ ಬಿಚ್ಚುತ್ತಿದ್ದ ನರ್ಸು, “ಮೇಡಂ, ಇದೇನಿದು? ಒಳಗೆ ಬಿಡೋ ಮುಂಚೆ ನಾನೇ ಕುತ್ತಿಗೆ ನೋಡಿದ್ನಲ್ಲ!” ಎಂದಳು.

ಕೈಯಾಡಿಸಿದೆ. ಅರಿಸಿನ ಕೊಂಬು! ಅರಿಸಿನ ನೀರಿನಲ್ಲಿ ಅದ್ದಿದ ದಾರ ಇನ್ನೂ ಒದ್ದೆಯಾಗಿತ್ತು. ಕತ್ತಿನ ಹಿಂದೆ ಬಿಗಿಯಾದ ಮೂರು ಗಂಟು. ನಿಜವಾಗಿಯೂ ಹೆದರಿದೆ.

ಹೊರಗೆ ಕಾಯುತ್ತಿದ್ದ ಗಂಡ ದಾರ ಮುಟ್ಟಿ ನೋಡಿದರು. “ನೀನೇ ಕಟ್ಕೊಂಡು ಮರ್ತಿದೀಯ. ಡಾಕ್ಟ್ರ ಮುಂದೆ ಮಾತ್ರ ಇದನ್ನ ಎತ್ತಬೇಡ ಕಣೆ, ಚೀಟಿ ಕೊಡಲ್ಲ.”

ಡಾಕ್ಟರು ಸ್ಕ್ಯಾನ್ ನೋಡಿ ರಕ್ತ ಪೂರ್ತಿ ಕರಗಿದೆ ಎಂದರು. “ಮರೆವೇನಾದ್ರೂ ಇದೆಯೇನಮ್ಮ?”

“ಇಲ್ಲ ಸಾರ್” ಎಂದು ಗಂಡನೇ ಮುಂದೆ ಬಿದ್ದರು. ನಾನು ತೆಪ್ಪಗಿದ್ದರೆ ಸಾಕಿತ್ತು, ಮರುದಿನವೇ ತರಗತಿಯಲ್ಲಿರುತ್ತಿದ್ದೆ. ಆದರೆ ತೆಪ್ಪಗಿರುವುದೆಂದರೆ ಮರೆತೆ ಎಂದು ಒಪ್ಪಿಕೊಂಡ ಹಾಗೆಯೇ ಅಲ್ಲವೇ? ನನಗೆ ಸಿಟ್ಟು ಬಂತು. ಎಲ್ಲವನ್ನೂ ಹೇಳಿದೆ.

“ನೀವೇ ಕಟ್ಕೊಂಡಿರ್ತೀರಿ, ನೆನಪಿಲ್ಲ ಅಷ್ಟೆ” ಎಂದರು ಡಾಕ್ಟರು.

“ಹಾಗಾದ್ರೆ ಒಂದು ದಾರ ಕೊಡಿ ಸಾರ್” ಎಂದೆ. ಅವರೆದುರೇ ಗಂಟು ಹಾಕಲು ಹೊರಟೆ. ಮೂರು ಸಲ ದಾರ ಎಡಗೈ ಬೆರಳುಗಳಿಂದ ಜಾರಿ ಮೇಜಿನ ಮೇಲೆ ಬಿತ್ತು. ಡಾಕ್ಟರು ಚೀಟಿ ಕೊಡದೆ, ‘ಮೂರು ತಿಂಗಳ ನಂತರ ಮತ್ತೆ ತಪಾಸಣೆ’ ಎಂದು ಬರೆದರು.

ಮೂರು ತಿಂಗಳು ಮನೆಯಲ್ಲೇ ಕೂತೆ. ಆಮೇಲೆ ಚೀಟಿ ಸಿಕ್ಕಿತು, ಪಾಠ ಮಾಡುತ್ತಿದ್ದೇನೆ. ಗಂಡ ಮಾತ್ರ ಈಗಲೂ, “ನೀನೇ ಕಟ್ಕೊಂಡೆ ಅಂತ ಒಂದ್ಸಲ ಒಪ್ಕೊಂಬಿಡೆ, ನನಗೂ ನಿದ್ದೆ ಬರುತ್ತೆ” ಎನ್ನುತ್ತಾರೆ. ಯಾರು ಕಟ್ಟಿದರೆಂದು ನನಗೂ ಗೊತ್ತಿಲ್ಲ.

“ನಾನು ಕಟ್ಟಿಲ್ಲ ರೀ” ಎನ್ನುತ್ತೇನೆ. “ಕಟ್ಟಿಲ್ಲ ಅಂದ್ರೆ ಕಟ್ಟಿಲ್ಲ.”